ರಾಗ ಊರು ದಾಟಿತು, ಹೆಸರು ಹಿಂದುಳಿಯಿತು

ತೇರು ಎಳೆದು ಮುಗಿದ ಮೇಲೆ ಉಜ್ಜಿನಿಯ ಬೀದಿಗಳಲ್ಲಿ ಇನ್ನೊಂದು ಜಾತ್ರೆ ಶುರುವಾಗುತ್ತದೆ. ಮರುಳಸಿದ್ಧೇಶ್ವರನ ಗುಡಿಯ ಕಡೆಯಿಂದ ಸಮಾಳ, ನಂದಿಕೋಲಿನ ಸದ್ದು. ಈ ಕಡೆ ಮಂಡಕ್ಕಿ-ಮಿರ್ಚಿ ಅಂಗಡಿಗಳ ಸಾಲು, ಬಳೆ, ಪೀಪಿ, ಹುರಿದ ಶೇಂಗಾ. ತಿರುಗುವ ತೊಟ್ಟಿಲಿನವರು ಕಟ್ಟಿದ ಧ್ವನಿವರ್ಧಕದಲ್ಲಿ ಒಂದರ ಬೆನ್ನಿಗೊಂದು ಹಾಡು: ಕನ್ನಡ, ತೆಲುಗು, ಹಿಂದಿ. ನಡುವೆಲ್ಲೋ ಮಾತು ತಿಳಿಯದ ಒಂದು ಹಾಡು ನುಗ್ಗಿಬರುತ್ತದೆ. ಭಾಷೆ ಯಾವುದೋ, ಆದರೆ ರಾಗ ಎಲ್ಲರಿಗೂ ಗೊತ್ತು. ಮದುವೆ ಬ್ಯಾಂಡಿನಲ್ಲಿ ಕೇಳಿದ್ದು, ಶಾಲೆಯ ವಾರ್ಷಿಕೋತ್ಸವದಲ್ಲಿ ಕುಣಿದದ್ದು. ಅದೇ ಬೀದಿಯ ತಿರುವಿನಲ್ಲಿ ಜೋಗತಿಯೊಬ್ಬಳು ಚೌಡಿಕೆ ಮೀಟುತ್ತ ಎಲ್ಲಮ್ಮನ ಹಾಡು ಹೇಳುತ್ತಿರುತ್ತಾಳೆ. ಆ ಹಾಡೂ ಎಲ್ಲರಿಗೂ ಗೊತ್ತು.

ಈ ಎರಡು ಹಾಡುಗಳ ನಡುವೆ ಒಂದು ಸಾಮ್ಯವಿದೆ. ಎರಡನ್ನೂ ಕಟ್ಟಿದವರು ಯಾರೆಂದು ಕೇಳಿದರೆ ಜಾತ್ರೆಯಲ್ಲಿ ಉತ್ತರ ಸಿಗುವುದಿಲ್ಲ.

‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’ ಎಂಬುದು ನಮ್ಮ ಕಡೆಯ ಹಳೆಯ ಮಾತು. ಉಜ್ಜಿನಿಯ ಗುಡಿಯ ಒಳಗಿನ ಕೆತ್ತನೆ ಕಂಡವರಿಗೆ ಅದರ ಅರ್ಥ ಗೊತ್ತು. ಹಾಡುಗಳನ್ನೂ ಹಾಗೆ ಒಳಗೆ ಹೊಕ್ಕು ನೋಡಬೇಕು ಅನ್ನಿಸುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹಾಡುಗಳಿಗೂ ಸಮುದ್ರದಾಚೆಯ ಲ್ಯಾಟಿನ್ ಅಮೆರಿಕದ ಹಾಡುಗಳಿಗೂ ಆಗಿರುವುದು ಬಹುಮಟ್ಟಿಗೆ ಒಂದೇ. ರಾಗ ನಾಡು ಸುತ್ತಿತು, ಕಟ್ಟಿದವರ ಹೆಸರು ದಾರಿಯಲ್ಲಿ ಉದುರಿತು. ಕೆಲವರು ಮಾತ್ರ ಹೆಸರು ಉಳಿಸಿಕೊಂಡರು. ಹೇಗೆ ಉಳಿಸಿಕೊಂಡರು ಎಂಬುದು ತಿಳಿಯಬೇಕಾದ ಸಂಗತಿ.

ಅಳುವ ಹಾಡು ಕುಣಿಯುವ ಹಾಡಾದದ್ದು

1989ರಲ್ಲಿ ‘ಲಂಬಾಡ’ ಎಂಬ ಹಾಡು ಜಗತ್ತನ್ನೇ ಕುಣಿಸಿತು. ಫ್ರಾನ್ಸಿನಲ್ಲಿ ಕಟ್ಟಿದ ಕಾವೋಮಾ ಎಂಬ ತಂಡ, ಬ್ರೆಜಿಲ್‌ನ ಗಾಯಕಿ ಲೊಆಲ್ವಾ ಬ್ರಾಸ್, ಅಕಾರ್ಡಿಯನ್‌ನ ಮರೆಯಲಾಗದ ಎಳೆ. ಮರುವರ್ಷವೇ ಅದು ನಮ್ಮಲ್ಲಿಗೂ ಬಂತು. 1990ರ ಹಿಂದಿ ಚಿತ್ರ ‘ಘಾಯಲ್’ಗಾಗಿ ಬಪ್ಪಿ ಲಹರಿ ಅದೇ ರಾಗವನ್ನು ಬಳಸಿದರು. ಅಲ್ಲಿಂದ ಬ್ಯಾಂಡ್‌ಸೆಟ್ಟುಗಳಿಗೆ, ಕ್ಯಾಸೆಟ್ಟುಗಳಿಗೆ, ಊರೂರಿನ ಮೆರವಣಿಗೆಗಳಿಗೆ ಅದು ಇಳಿಯಿತು. ನಮ್ಮ ಕಡೆ ಲಂಬಾಣಿ ತಾಂಡಾಗಳು ಬಹಳ ಇರುವುದರಿಂದ ಇದು ಅವರ ಹಾಡೇ ಇರಬೇಕು ಎಂದುಕೊಂಡವರೂ ಉಂಟು. ಲಂಬಾಣಿಗರಿಗೂ ಇದಕ್ಕೂ ಸಂಬಂಧವಿಲ್ಲ.

ಆ ಹಾಡಿನ ತವರು ಬೊಲಿವಿಯಾ. ಆಂಡೀಸ್ ಪರ್ವತಗಳ ನಡುವಿನ ಕೊಚಬಾಂಬಾ ಊರಿನ ‘ಲೋಸ್ ಕಾರ್ಕಾಸ್’ ತಂಡದ ಅಣ್ಣತಮ್ಮಂದಿರಾದ ಉಲಿಸೆಸ್ ಮತ್ತು ಗೊನ್ಸಾಲೊ ಎರ್ಮೊಸಾ ಕಟ್ಟಿದ ‘ಯೊರಾಂದೊ ಸೆ ಫುಎ’ ಎಂಬ ವಿರಹದ ಹಾಡು ಅದು. 1981ರಲ್ಲಿ ಅವರು ಧ್ವನಿಮುದ್ರಿಸಿದ್ದರು. ಬಿದಿರ ಕೊಳಲುಗಳು, ಚರಾಂಗೊ ಎಂಬ ಪುಟ್ಟ ತಂತಿವಾದ್ಯ, ನಿಧಾನವಾದ ಲಯ. ಪೆರು, ಬ್ರೆಜಿಲ್‌ಗಳಲ್ಲಿ ಬೇರೆಬೇರೆಯವರು ಅದನ್ನು ಹಾಡುತ್ತ ಬಂದರು, ಲಯ ಚುರುಕಾಯಿತು. ಕೊನೆಗೆ ಪ್ಯಾರಿಸ್ಸಿನ ನಿರ್ಮಾಪಕರ ಕೈಗೆ ಬಂದಾಗ ಮುದ್ರಿಕೆಯ ಮೇಲೆ ‘ಚಿಕೊ ದೆ ಒಲಿವೆಯ್ರಾ’ ಎಂಬವರು ರಚನಕಾರರೆಂದು ಅಚ್ಚಾಯಿತು. ಅಂಥ ರಚನಕಾರನೇ ಇರಲಿಲ್ಲ. ಅದು ನಿರ್ಮಾಪಕರೊಬ್ಬರು ಇಟ್ಟುಕೊಂಡ ಹೆಸರು.

ಎರ್ಮೊಸಾ ಸಹೋದರರು ನ್ಯಾಯ ಕೇಳಿದರು, ಗೆದ್ದರು. ಹಾಡು ಅವರದೆಂದು ದಾಖಲೆಯಾಯಿತು. ಉಲಿಸೆಸ್ 1992ರಲ್ಲೇ ತೀರಿಕೊಂಡರು. ಆದರೂ ಇಂದಿಗೂ ಆ ರಾಗ ಕೇಳಿದವರಲ್ಲಿ ಬೊಲಿವಿಯಾ ನೆನಪಾಗುವುದು ಎಷ್ಟು ಮಂದಿಗೆ? ಕಾಗದದ ಮೇಲೆ ಗೆದ್ದ ಹೆಸರು ಕಿವಿಯಲ್ಲಿ ಕೂರಲು ಇನ್ನೂ ಕಾಲ ಬೇಕು.

ಶೇಂಗಾ ಮಾರುವವನ ಕೂಗು

ಮುಂಗಾರು ಸರಿಯಾಗಿ ಹಿಡಿದರೆ ಕೂಡ್ಲಿಗಿ, ಕೊಟ್ಟೂರು ಕಡೆಯ ಕೆಂಪು ಹೊಲಗಳಲ್ಲಿ ಶೇಂಗಾ. ನಮ್ಮ ಒಗ್ಗರಣೆಗೆ, ಚಟ್ನಿಪುಡಿಗೆ, ಸಾಲ ತೀರಿಸುವುದಕ್ಕೆ ಆಸರೆಯಾದ ಈ ಬೆಳೆಯ ಮೂಲ ದಕ್ಷಿಣ ಅಮೆರಿಕ. ಅಲ್ಲಿಂದ ಹಡಗು ಹತ್ತಿ ಬಂದ ಕಾಳು ಇಲ್ಲಿ ನೆಲೆಯಾಯಿತು. ಲ್ಯಾಟಿನ್ ಸಂಗೀತವನ್ನು ಜಗತ್ತಿನ ತುಂಬ ಹಬ್ಬಿಸಿದ ಒಂದು ಹಾಡೂ ಶೇಂಗಾ ಮಾರುವವನದೇ.

ಕ್ಯೂಬಾದ ಹವಾನಾ ನಗರದ ಬೀದಿಗಳಲ್ಲಿ ಮಾರಾಟಗಾರರು ಸರಕಿನ ಹೆಸರನ್ನು ರಾಗವಾಗಿ ಕೂಗುತ್ತಿದ್ದರು. ಆ ಕೂಗುಗಳನ್ನೇ ಹಿಡಿದು ಹಾಡು ಕಟ್ಟುವ ಪರಿಪಾಠ ಅಲ್ಲಿನ ಸಂಗೀತಗಾರರಲ್ಲಿತ್ತು. ಮೊಯ್ಸೆಸ್ ಸಿಮೊನ್ಸ್ ಎಂಬ ಪಿಯಾನೊ ವಾದಕ ಶೇಂಗಾ ಮಾರುವವನ ಕೂಗಿನಿಂದ ‘ಎಲ್ ಮಾನಿಸೆರೊ’ ಕಟ್ಟಿದರು. 1920ರ ದಶಕದ ಕೊನೆಗೆ ರೀತಾ ಮೊಂತಾನೆರ್ ಎಂಬ ಗಾಯಕಿ ಅದನ್ನು ಮೊದಲು ಮುದ್ರಿಸಿದರು. 1930ರಲ್ಲಿ ದೋನ್ ಅಸ್ಪಿಯಾಸು ಅವರ ವಾದ್ಯವೃಂದ ನ್ಯೂಯಾರ್ಕಿನಲ್ಲಿ ಮುದ್ರಿಸಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು. ಆ ಮುದ್ರಿಕೆಯಲ್ಲಿ ಹಾಡಿದವರು ಅಂತೋನಿಯೊ ಮಚೀನ್. ಅಮೆರಿಕ, ಯೂರೋಪುಗಳಿಗೆ ‘ರುಂಬಾ’ ಹುಚ್ಚು ಹಿಡಿದದ್ದು ಇದರಿಂದ. ಇಂಥ ಗ್ರಾಮಫೋನ್ ತಟ್ಟೆಗಳು ಆಫ್ರಿಕದ ಕಾಂಗೋ ತಲುಪಿ ಅಲ್ಲಿ ಹೊಸದೇ ಒಂದು ಸಂಗೀತಕ್ಕೆ ಕಾರಣವಾದವು. ಯಾರ ಪೂರ್ವಿಕರನ್ನು ಸರಪಳಿ ಹಾಕಿ ಕ್ಯೂಬಾಕ್ಕೆ ಒಯ್ದಿದ್ದರೋ ಅವರ ನೆಲಕ್ಕೆ ಅವರದೇ ತಾಳ ತಿರುಗಿ ಬಂತು.

ಹಡಗಿನ ದಾರಿಯಲ್ಲೇ ಇದು ಮುಂಬೈಗೂ ಬಂತು. ಅಲ್ಲಿನ ದೊಡ್ಡ ಹೋಟೆಲುಗಳಲ್ಲಿ ನುಡಿಸುತ್ತಿದ್ದ ಗೋವಾದ ವಾದಕರು ಹಗಲಿನಲ್ಲಿ ಚಿತ್ರಗೀತೆಗಳ ಧ್ವನಿಮುದ್ರಣಕ್ಕೆ ಹೋಗುತ್ತಿದ್ದರು. ‘ಚಿಕ್ ಚಾಕೊಲೆಟ್’ ಎಂದೇ ಹೆಸರಾದ ಟ್ರಂಪೆಟ್ ವಾದಕ ಆಂಟೋನಿಯೊ ಝೇವಿಯರ್ ವಾಝ್, ಬಾಂಗೊ-ಕಾಂಗಾ ನುಡಿಸುತ್ತಿದ್ದ ಕಾವಸ್ ಲಾರ್ಡ್ ಮೊದಲಾದವರು ಲ್ಯಾಟಿನ್ ಲಯವನ್ನು ಹಿಂದಿ ಹಾಡಿಗೆ ತಂದರು. 1950ರ ‘ಸಮಾಧಿ’ ಚಿತ್ರದಲ್ಲಿ ಸಿ. ರಾಮಚಂದ್ರ ಅವರ ಪ್ರಸಿದ್ಧ ‘ಗೋರೆ ಗೋರೆ’ ಹಾಡಿಗೆ ಪ್ರೇರಣೆಯಾದದ್ದು ಟ್ರಿನಿಡಾಡ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಹೆಸರು ಮಾಡಿದ ಎಡ್ಮುಂಡೊ ರೊಸ್ ಅವರ ಹಾಡು. ನಮ್ಮ ಚಿತ್ರಗೀತೆಗಳಲ್ಲಿ ಬಾಂಗೊ ಕೇಳಿದಾಗಲೆಲ್ಲ ಅದರ ಹಿಂದೆ ಈ ದೂರದ ದಾರಿ ಇದೆ. ಆ ವಾದಕರ ಹೆಸರುಗಳು ತಟ್ಟೆಯ ಮೇಲೆ ಅಚ್ಚಾಗಲೇ ಇಲ್ಲ.

ತಕಿಟ ತಕಿಟ ತಕ

ಈ ಹಾಡುಗಳು ಭಾಷೆ ತಿಳಿಯದವರ ಕಾಲನ್ನೂ ಯಾಕೆ ಕುಣಿಸುತ್ತವೆ? ಗುಟ್ಟಿರುವುದು ಎಣಿಕೆಯಲ್ಲಿ.

ಎಂಟು ಮಾತ್ರೆಗಳನ್ನು ನಾಲ್ಕು-ನಾಲ್ಕಾಗಿ ಒಡೆದರೆ ಅದು ನಡಿಗೆಯ ಲಯ. ಅದೇ ಎಂಟನ್ನು ಮೂರು, ಮೂರು, ಎರಡು ಎಂದು ಒಡೆದು ನೋಡಿ. ನಮ್ಮ ಸೊಲ್ಲುಕಟ್ಟಿನಲ್ಲಿ ಹೇಳುವುದಾದರೆ ‘ತಕಿಟ ತಕಿಟ ತಕ’. ಕೈ ಒಂದು ಕಡೆ ಸಮನಾಗಿ ತಟ್ಟುತ್ತಿದ್ದರೆ ಬಾಯಿ ಇನ್ನೊಂದು ಕಡೆ ಎಳೆಯುತ್ತದೆ. ಈ ಎಳೆತದಲ್ಲೇ ಕುಣಿತ ಹುಟ್ಟುತ್ತದೆ. ಕ್ಯೂಬಾದ ಸಂಗೀತಗಾರರು ಇದನ್ನು ಹದಿನಾರು ಮಾತ್ರೆಗಳಿಗೆ ಹಿಗ್ಗಿಸಿ, ‘ತಕಿಟ ತಕಿಟ ತಕದಿಮಿ ತಕ ತಕದಿಮಿ’ ಎಂಬಂತೆ ಐದು ಪೆಟ್ಟುಗಳನ್ನು ಇಡುತ್ತಾರೆ. ಎರಡು ಗಟ್ಟಿ ಮರದ ತುಂಡುಗಳನ್ನು ಒಂದಕ್ಕೊಂದು ಬಡಿದು ಆ ಐದು ಪೆಟ್ಟು ಹಾಕುವವನೊಬ್ಬ ತಂಡದಲ್ಲಿರುತ್ತಾನೆ. ಆ ತುಂಡುಗಳಿಗೂ ಆ ಎಣಿಕೆಗೂ ಒಂದೇ ಹೆಸರು, ಕ್ಲಾವೆ. ಮೇಳದಲ್ಲಿ ತಾಳ ಹಿಡಿದವರ ಸ್ಥಾನವೇ ಅವನದು. ಅವನು ತಪ್ಪಿದರೆ ಎಲ್ಲರೂ ತಪ್ಪುತ್ತಾರೆ.

ಹಾಡಿನ ಮಾತು, ಗಿಟಾರು ಸ್ಪೇನಿನಿಂದ ಬಂದವು. ಚರ್ಮವಾದ್ಯಗಳು, ಈ ಎಣಿಕೆ, ಒಬ್ಬ ಹೇಳಿ ಉಳಿದವರು ಎತ್ತಿಕೊಳ್ಳುವ ಕ್ರಮ ಆಫ್ರಿಕದ ಗುಲಾಮರಿಂದ ಬಂದವು. ಆಂಡೀಸ್ ಕಡೆಯ ಕೊಳಲುಗಳು ಅಲ್ಲಿನ ಮೂಲನಿವಾಸಿಗಳವು. ಕ್ಯೂಬಾದಲ್ಲಿ ಗುಲಾಮಗಿರಿ ಕಾನೂನಿನಿಂದ ಕೊನೆಯಾದದ್ದು 1886ರಲ್ಲಿ. ಗುಲಾಮಗಿರಿ ಹೋಯಿತು, ಡೋಲು ಉಳಿಯಿತು. 2017ರಲ್ಲಿ ನಮ್ಮ ಹುಡುಗರ ಮೊಬೈಲುಗಳಲ್ಲೆಲ್ಲ ಮೊಳಗಿದ ಪೋರ್ಟೊ ರಿಕೊದ ‘ದೆಸ್ಪಾಸಿತೊ’ ಹಾಡಿನ ಅಡಿಯಲ್ಲೂ ಅದೇ ಮೂರು-ಮೂರು-ಎರಡರ ಪೆಟ್ಟು ಇದೆ. ಅದನ್ನು ಹಾಡಿದ ಲೂಯಿಸ್ ಫೊನ್ಸಿ, ಡ್ಯಾಡಿ ಯಾಂಕಿ ಇಬ್ಬರೂ ಲೋಕಕ್ಕೆ ಪರಿಚಿತರು. ಜೊತೆಗೂಡಿ ಬರೆದ ಪನಾಮಾದ ಎರಿಕಾ ಎಂದೆರ್ ಎಂಬ ಹೆಣ್ಣುಮಗಳ ಹೆಸರು ಅಷ್ಟು ಕೇಳಿಬರಲಿಲ್ಲ.

ಸುದ್ದಿ ಹಾಡುವ ರಾಗ, ಗಣಿಯ ಮೇಲಿನ ಹದ್ದು

ಊರಲ್ಲಿ ನಡೆದ ಕೊಲೆ, ಬರ, ದಂಗೆಗಳನ್ನು ಲಾವಣಿಯಾಗಿ, ಗೀಗೀ ಪದವಾಗಿ ಕಟ್ಟಿ ಹಾಡುವುದು ನಮ್ಮ ಉತ್ತರ ಕರ್ನಾಟಕದವರಿಗೆ ಹೊಸದಲ್ಲ. ಸಂಗೊಳ್ಳಿ ರಾಯಣ್ಣನ ಕಥೆ ಜನರ ಬಾಯಲ್ಲಿ ಉಳಿದದ್ದು ಹಾಗೆಯೇ. ಕ್ಯೂಬಾದಲ್ಲಿ ಹೊಸೆಯ್ತೊ ಫೆರ್ನಾಂದೆಸ್ ಎಂಬ ಗಾಯಕ 1940ರ ದಶಕದಲ್ಲಿ ರೇಡಿಯೊದಲ್ಲಿ ಇದೇ ಕೆಲಸ ಮಾಡುತ್ತಿದ್ದರು. ದಿನದ ಸುದ್ದಿಯನ್ನು, ಹೆಚ್ಚಾಗಿ ಅಪರಾಧಗಳನ್ನು, ಒಂದೇ ರಾಗಕ್ಕೆ ಕೂರಿಸಿ ಹಾಡುವುದು. ಆ ರಾಗವೇ ‘ಗ್ವಾಂತನಾಮೆರಾ’.

ಮುಂದೆ ಹುಲಿಯಾನ್ ಒರ್ಬೋನ್ ಎಂಬ ಸಂಗೀತಗಾರ ಆ ರಾಗಕ್ಕೆ ಕ್ಯೂಬಾದ ಸ್ವಾತಂತ್ರ್ಯ ಹೋರಾಟದಲ್ಲಿ 1895ರಲ್ಲಿ ಮಡಿದ ಕವಿ ಹೊಸೆ ಮಾರ್ತಿಯ ಪದ್ಯಗಳನ್ನು ಹೊಂದಿಸಿದರು. ಅವರ ಶಿಷ್ಯರೊಬ್ಬರಿಂದ ಅದನ್ನು ಕಲಿತ ಅಮೆರಿಕದ ಪೀಟ್ ಸೀಗರ್ 1963ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಹಾಡಿದರು. ಅಲ್ಲಿಂದ ಅದು ಶಾಂತಿ ಚಳವಳಿಗಳ ಹಾಡಾಯಿತು. ಒಂದು ಹಾಡಿಗೆ ಎಷ್ಟು ಕೈಗಳು! ರೇಡಿಯೊ ಗಾಯಕ, ಕವಿ, ಹೊಂದಿಸಿದವನು, ಹೊತ್ತೊಯ್ದ ಶಿಷ್ಯ, ಲೋಕಕ್ಕೆ ಮುಟ್ಟಿಸಿದವನು. ಇದು ಯಾರದೆಂದು ಬಹುಕಾಲ ತಕರಾರು ನಡೆದದ್ದು ಸಹಜವೇ.

ಸಂಡೂರಿನ ಗಣಿಗಳ ಕೆಂಪು ಧೂಳು ಕಂಡ ನಮಗೆ ಇನ್ನೊಂದು ಹಾಡು ಹೆಚ್ಚು ಹತ್ತಿರವಾಗಬೇಕು. ಪೆರು ದೇಶದ ದನಿಯೆಲ್ ಅಲೊಮಿಯಾ ರೊಬ್ಲೆಸ್ ಹಳ್ಳಿಹಳ್ಳಿ ತಿರುಗಿ ಆಂಡೀಸಿನ ಜನಪದ ರಾಗಗಳನ್ನು ಕೂಡಿಹಾಕಿದವರು. 1913ರಲ್ಲಿ ಲೀಮಾ ನಗರದಲ್ಲಿ ಆಡಿದ ಸಂಗೀತ ನಾಟಕವೊಂದಕ್ಕೆ ಅವರು ಕಟ್ಟಿದ ರಾಗ ‘ಎಲ್ ಕೊಂದೊರ್ ಪಾಸಾ’. ನಾಟಕದ ವಸ್ತು ಗಣಿ ಕಾರ್ಮಿಕರ ಬವಣೆ ಮತ್ತು ಹೊರದೇಶದ ಒಡೆಯರ ವಿರುದ್ಧ ಅವರ ಸಿಟ್ಟು. ಕೊನೆಗೆ ಬೆಟ್ಟದ ಮೇಲೆ ಹಾರಿಹೋಗುವ ಕೊಂಡರ್ ಹದ್ದು ಬಿಡುಗಡೆಯ ಗುರುತು.

1970ರಲ್ಲಿ ಸೈಮನ್ ಮತ್ತು ಗಾರ್ಫಂಕಲ್ ಜೋಡಿ ಅದನ್ನು ಇಂಗ್ಲಿಷ್ ಮಾತುಗಳೊಂದಿಗೆ ಹಾಡಿ ಲೋಕಪ್ರಸಿದ್ಧಗೊಳಿಸಿತು. ಅದು ಯಾರದೂ ಅಲ್ಲದ ಜನಪದ ರಾಗವೆಂದು ಪಾಲ್ ಸೈಮನ್ ತಿಳಿದಿದ್ದರು. ರೊಬ್ಲೆಸ್ ಅವರ ಮಗ, ಚಲನಚಿತ್ರ ನಿರ್ದೇಶಕ ಅರ್ಮಾಂದೊ ರೊಬ್ಲೆಸ್ ಗೊದೊಯ್, ತಂದೆ 1933ರಲ್ಲೇ ಅಮೆರಿಕದಲ್ಲಿ ಹಕ್ಕು ನೋಂದಾಯಿಸಿದ್ದನ್ನು ತೋರಿಸಿ ಮೊಕದ್ದಮೆ ಹೂಡಿದರು. ದ್ವೇಷವಿಲ್ಲದೆ ಅದು ಬಗೆಹರಿಯಿತು. 2004ರಲ್ಲಿ ಪೆರು ಆ ಹಾಡನ್ನು ರಾಷ್ಟ್ರದ ಸಾಂಸ್ಕೃತಿಕ ಸಂಪತ್ತೆಂದು ಸಾರಿತು. ಆದರೆ ಗಣಿಯ ಕೂಲಿಗಳ ಕಥೆ ಇಂಗ್ಲಿಷ್ ಮಾತುಗಳಲ್ಲಿ ಎಲ್ಲೂ ಉಳಿದಿಲ್ಲ. ರಚನಕಾರನ ಹೆಸರು ಸಿಕ್ಕಿತು. ಯಾರ ಸಂಕಟಕ್ಕಾಗಿ ಹಾಡು ಹುಟ್ಟಿತೋ ಅವರು ಹೊರಗುಳಿದರು. ನನಗೆ ಈ ಎರಡನೆಯ ನಷ್ಟವೇ ಹೆಚ್ಚಿನದೆಂದು ತೋರುತ್ತದೆ.

ಹಾಡಿನೊಳಗೇ ಹೆಸರಿಟ್ಟ ಭೀಮವ್ವ

ಈಗ ಹರಪನಹಳ್ಳಿಗೆ ಬರೋಣ. ಅಲ್ಲಿನ ಭೀಮವ್ವ ಹುಟ್ಟಿದ್ದು 1823ರಲ್ಲಿ, ತೀರಿಕೊಂಡದ್ದು 1903ರಲ್ಲಿ. ಎಂಬತ್ತು ವರ್ಷದ ಬಾಳು. ದೇವರ ಸ್ತುತಿಯ ಕೀರ್ತನೆಗಳು, ಹಬ್ಬ-ವ್ರತಗಳಲ್ಲಿ ಹೆಂಗಸರು ಹಾಡುವ ಆರತಿ ಪದಗಳು, ಮದುವೆಮನೆಯ ಹಾಡುಗಳು, ನಳಚರಿತ್ರೆಯಂಥ ಉದ್ದನೆಯ ಕಥನಗಳು ಆಕೆಯಿಂದ ಬಂದವು. ಹರಿದಾಸ ಪರಂಪರೆಯಲ್ಲಿ ಹೆಣ್ಣುಮಕ್ಕಳ ಸಾಲು ಚಿಕ್ಕದು. ಆ ಸಾಲಿನಲ್ಲಿ ಹೆಳವನಕಟ್ಟೆ ಗಿರಿಯಮ್ಮನ ಜೊತೆ ನಿಲ್ಲುವ ಹೆಸರು ಇವರದು.

ಇವರ ಹಾಡುಗಳು ವೇದಿಕೆಗಾಗಿ ಹುಟ್ಟಿದವಲ್ಲ. ಒಲೆ ಮುಂದೆ, ತೊಟ್ಟಿಲ ಬದಿಗೆ, ಹಸೆಮಣೆಯ ಸುತ್ತ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ದಾಟಿದವು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಜೊತೆ ಧಾರವಾಡ, ರಾಯಚೂರು, ಮೈಸೂರು ಸೀಮೆಗಳನ್ನು ಸೇರಿದವು. ಅಚ್ಚಿನ ಹಂಗಿಲ್ಲದೆ, ಮುದ್ರಿಕೆಯ ಹಂಗಿಲ್ಲದೆ ಇಷ್ಟು ದೂರ ಹೋದ ಹಾಡುಗಳ ಮೇಲೆ ಹೆಸರು ಅಳಿದುಹೋಗುವುದೇ ರೂಢಿ. ಭೀಮವ್ವನ ಹೆಸರು ಅಳಿಯಲಿಲ್ಲ. ಕಾರಣ, ‘ಭೀಮೇಶಕೃಷ್ಣ’ ಎಂಬ ಅಂಕಿತ ಪ್ರತಿ ಹಾಡಿನ ಕೊನೆಯ ನುಡಿಯಲ್ಲಿ ಹೆಣೆದುಕೊಂಡಿತ್ತು.

ಬಸವಣ್ಣನವರ ಕೂಡಲಸಂಗಮದೇವ, ದಾಸರ ಪುರಂದರವಿಠಲ, ಶರೀಫರ ಶಿಶುನಾಳಧೀಶ ಎಲ್ಲವೂ ಈ ಬಗೆಯವೇ. ಅಂಕಿತವನ್ನು ನಾವು ಭಕ್ತಿಯ ಗುರುತೆಂದು ತಿಳಿದಿದ್ದೇವೆ. ಅದು ನಿಜ. ದೇವರ ಹೆಸರಿನ ಹಿಂದೆ ತನ್ನನ್ನು ಮರೆಮಾಡಿಕೊಳ್ಳುವುದು ಅದರ ಆಶಯ. ಆದರೆ ಅದು ಮಾಡಿದ ಕೆಲಸ ಇನ್ನೊಂದೂ ಇದೆ. ಕುರಿಯ ಮೈಮೇಲೆ ಹಾಕಿದ ಗುರುತಿನಂತೆ, ಹಾಡು ಯಾವ ಹಿಂಡಿನಲ್ಲಿ ಬೆರೆತರೂ ಯಾರದೆಂದು ಹೇಳುತ್ತದೆ. ಅದನ್ನು ತೆಗೆದರೆ ಛಂದಸ್ಸು ಮುರಿಯುತ್ತದೆ, ಕೊನೆಯ ನುಡಿ ಕುಂಟುತ್ತದೆ. ಹಾಡಬೇಕೆಂದರೆ ಹೆಸರನ್ನೂ ಹೇಳಲೇಬೇಕು.

ಶರೀಫರು ಹುಟ್ಟಿದ್ದು 1819ರಲ್ಲಿ, ಭೀಮವ್ವನಿಗಿಂತ ನಾಲ್ಕೇ ವರ್ಷ ಮೊದಲು. ಬಹುಕಾಲ ಕಳೆದ ಮೇಲೆ ಸಿ. ಅಶ್ವತ್ಥ್ ಅವರ ದನಿಯಲ್ಲಿ ಶರೀಫರ ಪದಗಳು ಕ್ಯಾಸೆಟ್ಟು ಹತ್ತಿ ಮನೆಮನೆಗೆ ಬಂದವು. ರಾಗ ಹೊಸದು, ವಾದ್ಯ ಹೊಸದು, ಕೇಳುಗರು ಹೊಸಬರು. ಹಾಗಿದ್ದೂ ಯಾರಿಗೂ ಅವನ್ನು ಕರ್ತೃವಿಲ್ಲದ ಜನಪದ ಗೀತೆ ಎಂದು ಮಾರಲು ಆಗಲಿಲ್ಲ. ಎರ್ಮೊಸಾ ಸಹೋದರರು ನ್ಯಾಯಾಲಯದಲ್ಲಿ ಪಡೆದದ್ದನ್ನು ಶಿಶುನಾಳದ ಕವಿ ಕೊನೆಯ ಸಾಲಿನಲ್ಲೇ ಪಡೆದುಕೊಂಡಿದ್ದರು.

ಭೀಮವ್ವ ತೀರಿಕೊಳ್ಳುವ ಹಿಂದಿನ ವರ್ಷ, 1902ರಲ್ಲಿ, ಭಾರತದಲ್ಲಿ ಗ್ರಾಮಫೋನ್ ಮುದ್ರಣ ಶುರುವಾಯಿತು. ಮೊದಲ ಗಾಯಕರಲ್ಲೊಬ್ಬರಾದ ಕಲ್ಕತ್ತೆಯ ಗೌಹರ್ ಜಾನ್ ಹಾಡು ಮುಗಿಯುತ್ತಲೇ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದ ಜರ್ಮನಿಯ ಕಾರ್ಖಾನೆಯವರಿಗೆ ಹಾಡಿದವರು ಯಾರೆಂದು ತಿಳಿಯಲಿ ಎಂಬ ಅನುಕೂಲಕ್ಕೆ ಬಂದ ಪದ್ಧತಿ ಅದು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದ ಗೌಹರ್ 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನೂರು ವರ್ಷದ ಮೇಲೂ ಆ ತಟ್ಟೆ ತಿರುಗಿಸಿದರೆ ಹೆಸರು ಅವರ ಬಾಯಿಂದಲೇ ಕೇಳುತ್ತದೆ. ಹರಪನಹಳ್ಳಿಯ ಅಡುಗೆಮನೆಯಲ್ಲೂ ಹಾಡಿದವಳು ಕೊನೆಗೆ ಹೆಸರು ಹೇಳುತ್ತಿದ್ದಳು, ಯಂತ್ರದ ನೆರವಿಲ್ಲದೆ.

ಅಂಕಿತವಿಲ್ಲದ ಚೌಡಿಕೆ

ಎಲ್ಲರಿಗೂ ಈ ಭಾಗ್ಯ ಒದಗಲಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಬರುವ ಗೊರವರನ್ನು ನೋಡಿ. ಕರಿ ಕಂಬಳಿ, ಹಣೆತುಂಬ ಭಂಡಾರ, ಕೈಯಲ್ಲಿ ಡಮರುಗ. ಬಿಲ್ಲನ್ನೇರಿ ಗೊರವಯ್ಯ ನುಡಿಯುವ ಒಂದೇ ಸಾಲಿನ ಕಾರಣಿಕವನ್ನು ಮರುದಿನ ರಾಜ್ಯದ ಪತ್ರಿಕೆಗಳೆಲ್ಲ ಅಚ್ಚು ಹಾಕುತ್ತವೆ. ಮಳೆಬೆಳೆಗೆ, ರಾಜಕೀಯಕ್ಕೆ ಅರ್ಥ ಹಚ್ಚುತ್ತವೆ. ಆದರೆ ಮೈಲಾರಲಿಂಗನ ಕಥೆಯನ್ನು ಹಾಡುವ ಗೊರವರ ಹಾಡುಗಳನ್ನು ಯಾರು ಕಟ್ಟಿದರು, ಯಾರಿಂದ ಯಾರಿಗೆ ಬಂದವು ಎಂದು ಕೇಳುವವರು ವಿರಳ.

ಚೌಡಿಕೆಯ ಕಥೆ ಇನ್ನೂ ಕಠಿಣ. ಟೊಳ್ಳು ಮರದ ಕೊಳವೆ, ಅದರ ಒಂದು ಬಾಯಿಗೆ ಬಿಗಿದ ಚರ್ಮ, ಚರ್ಮದ ನಡುವಿನಿಂದ ಹೊರಡುವ ಒಂಟಿ ತಂತಿ. ತಂತಿಯನ್ನು ಎಳೆದು ಸಡಿಲಿಸುತ್ತ ಮೀಟಿದರೆ ಶ್ರುತಿ ಏರಿಳಿಯುತ್ತದೆ. ತಾಳ, ನಾದ ಎರಡನ್ನೂ ಒಂದೇ ವಾದ್ಯ ಕೊಡುತ್ತದೆ. ಇದನ್ನು ಹಿಡಿದು ಜೋಗತಿಯರು ಎಲ್ಲಮ್ಮನ ಕಥೆ ಹಾಡುತ್ತಾರೆ: ಜಮದಗ್ನಿಯ ಕೋಪ, ಮಗನ ಕೈಯಿಂದಲೇ ತಾಯಿಯ ತಲೆ ಉರುಳುವುದು, ಮತ್ತೆ ಜೀವ ಬರುವುದು. ಮುಖ್ಯ ಗಾಯಕಿ ಒಂದು ನುಡಿ ಹೇಳುತ್ತಾಳೆ, ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ತಲೆಯ ಮೇಲೆ ಕೊಡ ಹೊತ್ತು ಕೈಬಿಟ್ಟು ಕುಣಿಯುವವರು ಮುಂದೆ. ಕ್ಯೂಬಾದ ಹಾಡುಗಾರಿಕೆಯಲ್ಲಿ ಕಂಡ ‘ಒಬ್ಬ ಹೇಳಿ ಉಳಿದವರು ಎತ್ತಿಕೊಳ್ಳುವ’ ಕ್ರಮ ಇಲ್ಲೂ ಹಾಡಿನ ಬೆನ್ನೆಲುಬು.

ಈ ಹಾಡು ಹುಟ್ಟಿದ ಬಾಳು ಸುಖದ್ದಲ್ಲ. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು, ಮನೆಯಿಂದ ಹೊರದೂಡಲ್ಪಟ್ಟ ಲಿಂಗಪರಿವರ್ತಿತರು ಇದನ್ನು ಹೊತ್ತುಕೊಂಡು ಬಂದರು. ದೇವದಾಸಿ ಬಿಡುವುದನ್ನು ಕರ್ನಾಟಕ 1982ರ ಕಾಯಿದೆಯಿಂದ ನಿಷೇಧಿಸಿತು. ನಮ್ಮ ಈ ತಾಲ್ಲೂಕುಗಳಲ್ಲಿ ಆ ಪದ್ಧತಿಗೆ ಸಿಕ್ಕಿ ನಲುಗಿದ ಕುಟುಂಬಗಳು ಬಹಳ. ಪದ್ಧತಿ ಹೋಗಲೇಬೇಕಿತ್ತು, ಎಲ್ಲಿ ಗುಟ್ಟಾಗಿ ಉಳಿದಿದೆಯೋ ಅಲ್ಲಿಂದಲೂ ಹೋಗಬೇಕು. ಆದರೆ ಅದರೊಂದಿಗೆ ಚೌಡಿಕೆಯನ್ನೂ ನಾಚಿಕೆಯ ವಸ್ತುವೆಂದು ಮೂಲೆಗೆ ಎಸೆದರೆ ಆ ಹೆಣ್ಣುಮಕ್ಕಳಿಗೆ ಎರಡನೆಯ ಸಲ ಅನ್ಯಾಯ ಮಾಡಿದಂತೆ. ಗುಲಾಮರಾಗಿದ್ದವರ ಡೋಲನ್ನು ಕ್ಯೂಬಾ ಮುಂದೆ ತನ್ನ ಹೆಮ್ಮೆಯೆಂದು ಎದೆಗೆ ಅಪ್ಪಿಕೊಂಡಿತು. ಅಷ್ಟಾದರೂ ನಮ್ಮಿಂದ ಆಗಬೇಕು.

ಒಂದು ಹೆಸರು ಈಗ ಎಲ್ಲರಿಗೂ ಗೊತ್ತು. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿ, ಮನೆ ಕಳೆದುಕೊಂಡು, ಭಿಕ್ಷೆ ಬೇಡಿ, ಕಾಳವ್ವ ಜೋಗತಿಯವರಿಂದ ಜೋಗತಿ ಕಲೆ ಕಲಿತ ಮಂಜಮ್ಮ ಜೋಗತಿ. ನೆಲೆ ನಿಂತದ್ದು ಹೊಸಪೇಟೆಯಿಂದ ನಮ್ಮ ಕಡೆ ಬರುವ ಹೆದ್ದಾರಿಯ ಮರಿಯಮ್ಮನಹಳ್ಳಿಯಲ್ಲಿ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಪೀಠಕ್ಕೆ ಬಂದ ಮೊದಲ ಲಿಂಗಪರಿವರ್ತಿತರು ಅವರು. 2021ರಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗಿನಿಂದ ರಾಷ್ಟ್ರಪತಿಯವರಿಗೆ ದೃಷ್ಟಿ ತೆಗೆದ ದೃಶ್ಯವನ್ನು ದೇಶವೇ ನೋಡಿತು. ಅವರ ಹಿಂದೆ ಕಾಳವ್ವ, ಕಾಳವ್ವನ ಹಿಂದೆ ಇನ್ನೆಷ್ಟು ಜೋಗತಿಯರು!

ಹಕ್ಕು ಯಾರಿಗೆ

ಕಾನೂನು ಇಲ್ಲಿ ಎಷ್ಟು ನೆರವಾದೀತು? ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಾಡಿನ ಹಕ್ಕು ರಚನಕಾರ ತೀರಿಕೊಂಡ ಮೇಲೆ 60 ವರ್ಷದವರೆಗೆ ಉಳಿಯುತ್ತದೆ. 2012ರ ತಿದ್ದುಪಡಿ ಚಿತ್ರಗೀತೆಗಳ ಕವಿಗಳಿಗೂ ಸಂಗೀತ ನಿರ್ದೇಶಕರಿಗೂ ಗೌರವಧನದ ಪಾಲನ್ನು ಗಟ್ಟಿಮಾಡಿತು. ರಚನಕಾರರು ಯಾರೆಂದೇ ತಿಳಿಯದ ಹಾಡಿಗೆ ಈ ಕಾಯಿದೆ ಹೆಚ್ಚೇನೂ ಮಾಡಲಾರದು. ಸಿನಿಮಾದವರು ಜಾತ್ರೆಯ ರಾಗವೊಂದನ್ನು ಎತ್ತಿಕೊಂಡು ಪರದೆಯ ಮೇಲೆ ‘ಜನಪದ’ ಎಂದು ಹಾಕಿದರೆ ಸಾಕು. ಕೇಳಲು ಎರ್ಮೊಸಾ ಸಹೋದರರಂಥವರೂ ಇಲ್ಲ, ರೊಬ್ಲೆಸ್‌ನ ಮಗನಂಥವರೂ ಇಲ್ಲ.

ಹಾಗಾಗಿ ಬರೆದಿಡುವ ಕೆಲಸವೇ ಮೊದಲು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಿಂದ ನಮ್ಮ ಬಗಲಿಗೇ ಇದೆ. ಶಿಗ್ಗಾವಿಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಸಂಶೋಧಕರು ಕಾವ್ಯಗಳನ್ನು, ಪದಗಳನ್ನು ಕೂಡಿಹಾಕಿದ್ದಾರೆ. ಆದರೆ ಈಗ ಜಾತ್ರೆಯಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸುವ ಹುಡುಗ-ಹುಡುಗಿಯರು ಅವರಿಗಿಂತ ಎಷ್ಟೋ ಹೆಚ್ಚು ಹಾಡು ಸಂಗ್ರಹಿಸುತ್ತಿದ್ದಾರೆ. ಅದರ ಕೆಳಗೆ ‘ಜಾನಪದ ಗೀತೆ’ ಎಂದು ಬರೆಯುವ ಬದಲು ಮೂರು ಸಂಗತಿ ಕೇಳಿ ಬರೆಯಲಿ: ಹಾಡಿದವರು ಯಾರು, ಯಾವ ಊರು, ಯಾರಿಂದ ಕಲಿತದ್ದು. ಹಾಡಿದವರಿಗೆ ಹೆಸರು ಹೇಳಲು ಮನಸ್ಸಿಲ್ಲದಿದ್ದರೆ ಅದನ್ನೂ ಗೌರವಿಸಲಿ. ದೇವದಾಸಿ ಬಾಳಿನ ಗುರುತು ಹೊತ್ತು ತಿರುಗುವುದು ಎಲ್ಲರಿಗೂ ಬೇಕಾಗಿರುವುದಿಲ್ಲ.

ಈ ಕೆಲಸ ನಮ್ಮ ಸೀಮೆಯಲ್ಲಿ ಶುರುವಾಗಿಯೂ ಇದೆ. ಮಂಜಮ್ಮ ಹೇಳುತ್ತ ಹೋದ ಬದುಕನ್ನು ನಮ್ಮ ಕಡೆಯವರೇ ಆದ ಜಾನಪದ ಸಂಶೋಧಕ ಅರುಣ್ ಜೋಳದಕೂಡ್ಲಿಗಿ ಬರಹಕ್ಕಿಳಿಸಿದ್ದಾರೆ. ಆ ಪುಸ್ತಕದ ಹೆಸರು ‘ನಡುವೆ ಸುಳಿವ ಹೆಣ್ಣು’.